ವೆಬ್‌ಸೈಟಿಗೆ ಅನಿಮೇಷನ್: ಸಿಎಸ್‌ಎಸ್, ಜಿಸ್ಯಾಪ್, ಲೊಟ್ಟಿ, ವಿಡಿಯೊ, ತ್ರೀಜೆಎಸ್ – ಯಾವುದು ಯಾರಿಗೆ?

ಕಳೆದ ಎರಡು ತಿಂಗಳಲ್ಲಿ ಒಂದೇ ಪ್ರಶ್ನೆ ಮೂರು ಕಡೆಯಿಂದ ಬಂತು. ಮಲೆನಾಡಿನಲ್ಲಿ ಹೋಮ್‌ಸ್ಟೇ ನಡೆಸುವವರೊಬ್ಬರು, "ಪುಟ ತೆರೆದ ಕೂಡಲೇ ಮಂಜು ಸರಿದು ನಮ್ಮ ತೋಟ ಕಾಣಬೇಕು, ಅದಕ್ಕೆ ಏನು ಮಾಡಿಸಲಿ?" ಎಂದರು. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರೊಬ್ಬರಿಗೆ, ಮಕ್ಕಳು ಬೆರಳಿನಿಂದಲೇ ಚಂದ್ರನನ್ನು ಎಳೆದು ಗ್ರಹಣ ಹೇಗಾಗುತ್ತದೆಂದು ನೋಡುವಂಥ ಪುಟ ಬೇಕಿತ್ತು. ಈಗಷ್ಟೇ ಕೋರ್ಸ್ ಮುಗಿಸಿ ಫ್ರೀಲಾನ್ಸ್ ಕೆಲಸ ಹಿಡಿದ ಹುಡುಗಿಯೊಬ್ಬಳು ಕೇಳಿದ್ದು: "ಸರ್, ಜಿಸ್ಯಾಪ್ ಕಲಿಯಲಾ, ಲೊಟ್ಟಿ ಕಲಿಯಲಾ, ಇಲ್ಲಾ ಸೀದಾ ತ್ರೀಜೆಎಸ್‌ಗೇ ಹೋಗಲಾ?"

ಸಿಎಸ್‌ಎಸ್ ಎಂದರೆ ಪುಟ ಹೇಗೆ ಕಾಣಬೇಕೆಂದು ಬ್ರೌಸರಿಗೆ ಹೇಳುವ ಭಾಷೆ. ಜಿಸ್ಯಾಪ್, ಲೊಟ್ಟಿ, ತ್ರೀಜೆಎಸ್ ಎಂದರೆ ಪುಟಕ್ಕೆ ಚಲನೆ ತರಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳು, ಅಂದರೆ ಲೈಬ್ರರಿಗಳು. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಈ ದಾರಿಗಳಲ್ಲಿ ಯಾವುದೂ ಕೆಟ್ಟದ್ದಲ್ಲ, ಆದರೆ ಒಂದೊಂದರ ಖರ್ಚೂ ಒಂದೊಂದು ಜೇಬಿನಿಂದ ಹೋಗುತ್ತದೆ. ಕೆಲವು ನೋಡುವವರ ಡೇಟಾ ತಿನ್ನುತ್ತವೆ, ಕೆಲವು ಅವರ ಫೋನಿನ ಬ್ಯಾಟರಿ, ಕೆಲವು ಮಾಡಿಸುವವರ ದುಡ್ಡು, ಕೆಲವು ಮಾಡುವವರ ನಿದ್ದೆ. ಯಾರ ಜೇಬಿಗೆ ಕೈ ಹಾಕುತ್ತಿದ್ದೇವೆ ಅನ್ನುವುದು ಗೊತ್ತಾದರೆ ಆರಿಸುವುದು ಕಷ್ಟವಲ್ಲ. ಹಾಗಾಗಿ ಮೊದಲು ಅಳತೆಗೋಲು, ಆಮೇಲೆ ಒಂದೊಂದೇ ದಾರಿ.

ಯಾವುದರಿಂದ ಅಳೆಯಬೇಕು

ಮೊದಲನೆಯದು, ಈ ಚಲನೆ ಏನು ಹೇಳುತ್ತಿದೆ? ಬಟನ್ ಒತ್ತಿದಾಗ ಅದು ಒಂಚೂರು ಕುಗ್ಗಿದರೆ "ನೀವು ಒತ್ತಿದ್ದು ಗೊತ್ತಾಯಿತು" ಎಂದರ್ಥ. ಮೆನು ಎಡಗಡೆಯಿಂದ ಜಾರಿ ಬಂದರೆ, ಮುಚ್ಚುವಾಗ ಅದು ಎಲ್ಲಿಗೆ ಹೋಗುತ್ತದೆಂದು ಕಣ್ಣಿಗೆ ಮೊದಲೇ ತಿಳಿದಿರುತ್ತದೆ. ಗ್ರಹಣದ ಪುಟದಲ್ಲಂತೂ ಚಲನೆಯೇ ಪಾಠ. ಇನ್ನು ಮಂಜು ಸರಿಯುವುದು ಬರೀ ಒಂದು ಭಾವ ಹುಟ್ಟಿಸುವುದಕ್ಕೆ. ಅದೂ ತಪ್ಪಲ್ಲ, ಆದರೆ ಭಾವಕ್ಕೆಂದು ಮಾಡಿದ ಚಲನೆ ಹಗುರವಾಗಿರಲೇಬೇಕು, ಯಾಕೆಂದರೆ ಅದಿಲ್ಲದಿದ್ದರೂ ಪುಟದ ಕೆಲಸ ನಿಲ್ಲುವುದಿಲ್ಲ.

ಎರಡನೆಯದು, ಫೋನಿನೊಳಗೆ ಯಾರು ದುಡಿಯುತ್ತಾರೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಸಾಮಾನ್ಯ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ತೋರಿಸುತ್ತದೆ. ಅಂದರೆ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡು. 120 ಸಲ ತೋರಿಸುವ ಹೊಸ ಫೋನುಗಳಲ್ಲಿ ಅದು 8.3 ಮಿಲಿಸೆಕೆಂಡಿಗೆ ಇಳಿಯುತ್ತದೆ. ಅಷ್ಟರೊಳಗೆ ಬ್ರೌಸರ್ ಹಲವು ಹಂತ ದಾಟಬೇಕು: ಜಾವಾಸ್ಕ್ರಿಪ್ಟ್ (ಪುಟಕ್ಕೆ ಕೆಲಸ ಹೇಳುವ ಕೋಡ್) ಓಡಿಸುವುದು, ಯಾವ ಭಾಗಕ್ಕೆ ಯಾವ ಶೈಲಿ ಎಂದು ಗೊತ್ತುಮಾಡುವುದು, ಯಾವುದು ಎಷ್ಟು ಜಾಗ ಹಿಡಿಯುತ್ತದೆಂದು ಅಳೆಯುವುದು, ಬಣ್ಣ ತುಂಬುವುದು, ಕೊನೆಗೆ ಪದರಗಳನ್ನು ಒಂದರ ಮೇಲೊಂದು ಜೋಡಿಸುವುದು. ಮೊದಲಿನ ಹಂತಗಳೆಲ್ಲ ಹೆಚ್ಚಾಗಿ ಮೇನ್ ಥ್ರೆಡ್ ಎಂಬ ಒಬ್ಬನೇ ಆಳಿನ ತಲೆ ಮೇಲೆ. ನಿಮ್ಮ ಬೆರಳಿನ ಒತ್ತುವಿಕೆಗೆ ಉತ್ತರ ಕೊಡುವವನೂ ಅವನೇ. ಕೊನೆಯ ಜೋಡಣೆಗೆ ಮಾತ್ರ ಬೇರೆ ಆಳಿದ್ದಾನೆ, ಅವನ ಹೆಸರು ಕಾಂಪೋಸಿಟರ್. ಅವನು ಗ್ರಾಫಿಕ್ಸ್ ಚಿಪ್‌ನ ಸಹಾಯದಿಂದ ಕೆಲಸ ಮಾಡುತ್ತಾನೆ.

ತೊಗಲುಗೊಂಬೆಯಾಟ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕತ್ತರಿಸಿ, ಬಣ್ಣ ಹಚ್ಚಿ ಸಿದ್ಧವಾದ ಗೊಂಬೆಯನ್ನು ಪರದೆಯ ಹಿಂದೆ ಸರಿಸುವುದು, ತಿರುಗಿಸುವುದು, ದೀಪದ ಹತ್ತಿರ ಒಯ್ದು ದೊಡ್ಡದು ಮಾಡುವುದು ಕ್ಷಣದ ಕೆಲಸ. ಅದೇ ಗೊಂಬೆಯ ಕೈ ಉದ್ದ ಆಗಬೇಕೆಂದರೆ ಹೊಸ ತೊಗಲು ತಂದು ಮತ್ತೆ ಕತ್ತರಿಸಬೇಕು. ಬ್ರೌಸರಿನಲ್ಲಿ ಟ್ರಾನ್ಸ್‌ಫಾರ್ಮ್ (ಸರಿಸು, ತಿರುಗಿಸು, ಹಿಗ್ಗಿಸು) ಮತ್ತು ಒಪ್ಯಾಸಿಟಿ (ಮಸುಕು ಮಾಡು, ಸ್ಪಷ್ಟ ಮಾಡು) ಸಿದ್ಧ ಗೊಂಬೆಯನ್ನು ಆಡಿಸಿದ ಹಾಗೆ. ಇವೆರಡನ್ನು ಕಾಂಪೋಸಿಟರ್ ಒಬ್ಬನೇ ನಿಭಾಯಿಸಬಲ್ಲ. ಅಗಲ, ಎತ್ತರ, ಅಂಚಿನ ಅಂತರಗಳನ್ನು ಫ್ರೇಮಿಗೊಮ್ಮೆ ಬದಲಿಸುವುದು ಪ್ರತಿ ಸಲವೂ ಹೊಸ ಗೊಂಬೆ ಕತ್ತರಿಸಿದಂತೆ. ಪುಟ ತಡವರಿಸುವುದು, ಸ್ಕ್ರಾಲ್ ಅಂಟಿಕೊಂಡಂತಾಗುವುದು ಇಲ್ಲೇ ಶುರುವಾಗುತ್ತದೆ.

ಮೂರನೆಯದು ತೂಕ: ಪುಟ ತೆರೆಯಲು ಎಷ್ಟು ಇಳಿಸಿಕೊಳ್ಳಬೇಕು? ಗೂಗಲ್ ಒಂದು ಪುಟವನ್ನು ಒಳ್ಳೆಯದೆಂದು ಲೆಕ್ಕಕ್ಕೆ ಹಿಡಿಯುವುದು ಅದರ ಮುಖ್ಯ ಚಿತ್ರವೋ ಬರಹವೋ 2.5 ಸೆಕೆಂಡಿನೊಳಗೆ ಕಂಡರೆ, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪರದೆಯ ಮೇಲೆ ಉತ್ತರ ಮೂಡಿದರೆ, ಓದುವಾಗ ಸಾಲುಗಳು ಇದ್ದಕ್ಕಿದ್ದಂತೆ ಜಿಗಿಯದಿದ್ದರೆ. ಒತ್ತಿದ್ದಕ್ಕೆ ಉತ್ತರ ಕೊಡುವ ಈ ಅಳತೆ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ.

ನಾಲ್ಕನೆಯದು, ಕದಲುವ ಚಿತ್ರ ಯಾರಿಗಾದರೂ ತೊಂದರೆ ಕೊಡುತ್ತದೆಯೇ? ತಲೆಸುತ್ತು, ಮೈಗ್ರೇನ್ ಇರುವವರಿಗೆ ಪರದೆ ತುಂಬ ಜೂಮ್ ಆಗುವ ಚಿತ್ರ ನಿಜಕ್ಕೂ ವಾಕರಿಕೆ ತರಿಸುತ್ತದೆ. 2013ರಲ್ಲಿ ಐಫೋನಿನ ಐಓಎಸ್ 7 ಬಂದಾಗ ಅದರ ಜೂಮ್ ಅನಿಮೇಷನ್‌ಗಳ ಬಗ್ಗೆ ಇಂಥ ದೂರುಗಳೇ ಎದ್ದಿದ್ದವು. ಇಂದು ಐಫೋನ್, ಆಂಡ್ರಾಯ್ಡ್ ಎರಡರ ಸೆಟ್ಟಿಂಗ್‌ನಲ್ಲೂ ಚಲನೆ ಕಡಿಮೆ ಮಾಡುವ ಆಯ್ಕೆ ಇದೆ. ಅದನ್ನು ಯಾರಾದರೂ ಆನ್ ಮಾಡಿದ್ದಾರೆಯೇ ಎಂದು ವೆಬ್ ಪುಟ ಒಂದೇ ಸಾಲಿನ ಸಿಎಸ್‌ಎಸ್‌ನಲ್ಲಿ ಕೇಳಿ ತಿಳಿಯಬಹುದು. ವೆಬ್‌ನ ಸುಗಮತೆಯ ಅಂತಾರಾಷ್ಟ್ರೀಯ ನಿಯಮಗಳು ಇನ್ನೂ ಎರಡು ಮಾತು ಹೇಳುತ್ತವೆ. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದ ಬರಹದ ಪಕ್ಕ ಕದಲುತ್ತಿರುವುದನ್ನು ನಿಲ್ಲಿಸಲು ಓದುಗರಿಗೆ ದಾರಿ ಇರಬೇಕು. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಯಾವುದೂ ಫ್ಲ್ಯಾಶ್ ಆಗಬಾರದು. ಎರಡನೆಯದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿ ಕಾರ್ಟೂನ್ ಒಂದರಲ್ಲಿ ಕೆಂಪು–ನೀಲಿ ಬೆಳಕು ವೇಗವಾಗಿ ಮಿನುಗಿದ್ದಕ್ಕೆ 600ಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು.

ಐದನೆಯದು ನಮ್ಮದೇ ಆದ ಅಳತೆ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ: ಕನ್ನಡದ ಅಕ್ಷರ ಒಡೆಯದೆ ಉಳಿಯುತ್ತದೆಯೇ? ಇದಕ್ಕೆ ಜಿಸ್ಯಾಪ್‌ನ ಜಾಗದಲ್ಲಿ ವಿವರವಾಗಿ ಬರುತ್ತೇನೆ.

ಆರನೆಯದು, ನಾಳೆ ಇದನ್ನು ನೋಡಿಕೊಳ್ಳುವವರು ಯಾರು? ಒಂದು ಕಾಲದಲ್ಲಿ ವೆಬ್‌ನ ಅನಿಮೇಷನ್ ಎಂದರೆ ಫ್ಲ್ಯಾಶ್. ಆಟ, ಪಾಠ, ಮುಖಪುಟ ಎಲ್ಲ ಅದರಲ್ಲೇ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದಕ್ಕೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಅದರೊಳಗಿನ ಚಿತ್ರಗಳು ಓಡುವುದನ್ನೇ ತಡೆಯಿತು. ಅದರಲ್ಲಿ ಮಾಡಿಟ್ಟಿದ್ದ ಎಷ್ಟೋ ಶಾಲಾ ಪಾಠಗಳು ಹಾಗೇ ಕತ್ತಲಾದವು. ಬ್ರೌಸರಿಗೇ ಹುಟ್ಟಾ ಗೊತ್ತಿರುವ ವಿದ್ಯೆ ಬಹುಕಾಲ ಬಾಳುತ್ತದೆ. ಎರವಲು ತಂದದ್ದಕ್ಕೆ ಆಗಾಗ ಯಾರಾದರೂ ಬಂದು ಬೆನ್ನು ಸವರಬೇಕು.

ಸಿಎಸ್‌ಎಸ್, ಮತ್ತು ಬ್ರೌಸರಿನಲ್ಲೇ ಇರುವ ಭಾಗಗಳು

ಬಹುಪಾಲು ಓದುಗರಿಗೆ ನನ್ನ ಉತ್ತರ ಇಲ್ಲೇ ಮುಗಿಯುತ್ತದೆ. ಬಟನ್ ಬಣ್ಣ ಬದಲಾಗುವುದು, ಕಾರ್ಡ್ ಸ್ವಲ್ಪ ಮೇಲೇಳುವುದು, ಮೆನು ಜಾರಿ ಬರುವುದು, ಕೆಲಸ ಆಗುತ್ತಿರುವಾಗ ಚಕ್ರ ತಿರುಗುವುದು, ಇವಕ್ಕೆಲ್ಲ ಸಿಎಸ್‌ಎಸ್‌ನ ಟ್ರಾನ್ಸಿಷನ್ ಮತ್ತು ಕೀಫ್ರೇಮ್ ಧಾರಾಳ ಸಾಕು. ಎರಡೂ ಬೇರೆ ಬೇರೆ. ಟ್ರಾನ್ಸಿಷನ್ ಎಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಹೆಜ್ಜೆಗಳನ್ನು ಬ್ರೌಸರ್ ತಾನೇ ತುಂಬಿಕೊಳ್ಳುವುದು. ಕೀಫ್ರೇಮ್‌ನಲ್ಲಿ ಶೂನ್ಯದಲ್ಲಿ ಹೀಗೆ, ಅರ್ಧದಲ್ಲಿ ಹೀಗೆ, ನೂರರಲ್ಲಿ ಹೀಗೆ ಎಂದು ನೀವೇ ಹೆಜ್ಜೆ ಬರೆದುಕೊಡುತ್ತೀರಿ. ಇಳಿಸಿಕೊಳ್ಳಬೇಕಾದದ್ದು ಕೆಲವು ಸಾಲು ಮಾತ್ರ. ಟ್ರಾನ್ಸ್‌ಫಾರ್ಮ್, ಒಪ್ಯಾಸಿಟಿಗಳಿಗೆ ಅಂಟಿಕೊಂಡರೆ ಮೇನ್ ಥ್ರೆಡ್ ಬೇರೆ ಕೆಲಸದಲ್ಲಿ ಮುಳುಗಿದ್ದರೂ ಚಲನೆ ನುಣುಪಾಗಿ ಸಾಗುತ್ತದೆ.

ಜೊತೆಗೆ ಬ್ರೌಸರ್ ಕೊಡುವ ಸಿದ್ಧ ಭಾಗಗಳಿವೆ. "ಪ್ರಶ್ನೆ ಒತ್ತಿದರೆ ಉತ್ತರ ಬಿಚ್ಚಿಕೊಳ್ಳಬೇಕು" ಎಂಬುದಕ್ಕೆ ಡೀಟೇಲ್ಸ್ ಎಂಬ ಟ್ಯಾಗ್, ಮೇಲೆ ತೇಲಿಬರುವ ಪೆಟ್ಟಿಗೆಗೆ ಡಯಲಾಗ್ ಎಂಬ ಟ್ಯಾಗ್. ಮೊದಲನೆಯದಕ್ಕೆ ಒಂದು ಸಾಲೂ ಜಾವಾಸ್ಕ್ರಿಪ್ಟ್ ಬೇಡ. ಕೀಬೋರ್ಡಿನಲ್ಲಿ ಓಡಾಡುವವರಿಗೂ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೂ ಅವು ಮೊದಲೇ ಹೊಂದಿಕೊಂಡಿವೆ. ಕೈಯಾರೆ ಕಟ್ಟಿದ ಎಷ್ಟೋ ಪೆಟ್ಟಿಗೆಗಳಲ್ಲಿ ಎಸ್ಕೇಪ್ ಒತ್ತಿದರೂ ಮುಚ್ಚದೆ ಜನ ಪರದಾಡುವುದನ್ನು ನೋಡಿದ್ದೇನೆ.

ಇದರ ಮಿತಿ ಎಲ್ಲಿ? ಐದಾರು ವಸ್ತುಗಳು ಒಂದಾದ ಮೇಲೊಂದು, ಒಂದಕ್ಕೊಂದು ತಾಳ ಹೊಂದಿಸಿಕೊಂಡು ಬರಬೇಕಾದಾಗ ಸಿಎಸ್‌ಎಸ್ ಬರೆಯುವುದು ತಲೆನೋವು. ಮೊದಲನೆಯದರ ಅವಧಿ ಬದಲಿಸಿದರೆ ಉಳಿದವುಗಳ ಕಾಯುವ ಸಮಯವನ್ನೆಲ್ಲ ಕೈಯಿಂದ ತಿದ್ದಬೇಕು. ಬೆರಳಿನ ಎಳೆತವನ್ನು ಹಿಂಬಾಲಿಸುವುದಕ್ಕೂ ಇದೊಂದೇ ಸಾಲದು. ಸ್ಕ್ರಾಲ್ ಮಾಡಿದಷ್ಟೂ ಅನಿಮೇಷನ್ ಮುಂದೆ ಸಾಗುವ ವಿದ್ಯೆ ಕ್ರೋಮ್‌ನ ಸಿಎಸ್‌ಎಸ್‌ಗೆ 2023ರಲ್ಲೇ ಬಂದಿದೆ. ಆದರೆ ಎಲ್ಲ ಬ್ರೌಸರುಗಳಲ್ಲೂ ಒಂದೇ ಸಮನೆ ನೆಚ್ಚುವ ಹಾಗಿಲ್ಲ. ಇದ್ದರೆ ಚೆಂದ, ಇಲ್ಲದಿದ್ದರೂ ಪುಟ ಪೂರ್ತಿ ಓದಲು ಬರಬೇಕು ಎಂಬಂತೆ ಬಳಸಿ.

ಎರಡು ಚಿಕ್ಕ ಎಚ್ಚರಿಕೆ. ಮೌಸ್ ಮೇಲೆ ತಂದಾಗ ಮಾತ್ರ ಕಾಣುವ ಬೆಲೆ, ವಿವರಗಳನ್ನು ಇಡಬೇಡಿ. ಫೋನಿನಲ್ಲಿ ಮೌಸೇ ಇಲ್ಲ. ಪ್ರತಿಯೊಂದಕ್ಕೂ ಪ್ರತ್ಯೇಕ ಪದರ ಮಾಡಿದರೆ ವೇಗ ಹೆಚ್ಚುತ್ತದೆಂದು ನಂಬಿ ಎಲ್ಲ ಕಡೆ ವಿಲ್‌–ಚೇಂಜ್ ಎಂಬ ಸೂಚನೆ ಬರೆಯುವವರಿದ್ದಾರೆ. 1080 × 2400 ಪಿಕ್ಸೆಲ್‌ಗಳ ಪರದೆ ತುಂಬುವ ಒಂದು ಪದರಕ್ಕೆ, ಪಿಕ್ಸೆಲ್ಲಿಗೆ 4 ಬೈಟ್ ಹಿಡಿದರೆ, ಸುಮಾರು 10 ಎಂಬಿ ಮೆಮೊರಿ ಬೇಕು. ಅಂಥ ಹತ್ತು ಪದರಗಳಾದರೆ ಅಗ್ಗದ ಫೋನಿನ ಕಥೆ ಏನು, ಯೋಚಿಸಿ.

ಜಾವಾಸ್ಕ್ರಿಪ್ಟ್ ಮತ್ತು ಜಿಸ್ಯಾಪ್

ತಾಳ ಹೊಂದಿಸುವ ಕೆಲಸಕ್ಕೆ ಜಿಸ್ಯಾಪ್‌ನಷ್ಟು ಹದವಾದ ಸಾಧನ ನಾನು ಬಳಸಿಲ್ಲ. ಫ್ಲ್ಯಾಶ್ ಕಾಲದಲ್ಲೇ ಹುಟ್ಟಿ, ಆಮೇಲೆ ಜಾವಾಸ್ಕ್ರಿಪ್ಟಿಗೆ ಬಂದ ಲೈಬ್ರರಿ ಇದು. ಇದರ ಟೈಮ್‌ಲೈನ್‌ನಲ್ಲಿ "ಇದು ಮುಗಿಯುವ ಅರ್ಧ ಸೆಕೆಂಡ್ ಮೊದಲು ಅದು ಶುರುವಾಗಲಿ" ಎಂದು ಬರೆದರೆ ಆಯಿತು, ಮುಂದೆ ಯಾವುದರ ಅವಧಿ ಬದಲಿಸಿದರೂ ಉಳಿದವು ತಾವೇ ಸರಿದುಕೊಳ್ಳುತ್ತವೆ. ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು, ಸ್ಕ್ರಾಲಿಗೆ ಕಟ್ಟಬಹುದು. ಮುಂಚೆ ಇದರ ಕೆಲವು ಪ್ಲಗಿನ್‌ಗಳಿಗೆ ದುಡ್ಡು ಕೊಡಬೇಕಿತ್ತು. 2024ರಲ್ಲಿ ವೆಬ್‌ಫ್ಲೋ ಎಂಬ ಕಂಪನಿ ಇದನ್ನು ಕೊಂಡ ಮೇಲೆ, 2025ರಲ್ಲಿ ಎಲ್ಲವೂ ಉಚಿತವಾಯಿತು. ಉಚಿತವೆಂದ ಮಾತ್ರಕ್ಕೆ ಮುಕ್ತ ತಂತ್ರಾಂಶವಲ್ಲ, ಪರವಾನಗಿಯ ಹಿಡಿತ ಕಂಪನಿಯ ಕೈಯಲ್ಲೇ ಇದೆ. ಸಾಮಾನ್ಯ ವೆಬ್‌ಸೈಟಿಗೆ ಅದರಿಂದ ತೊಂದರೆಯಿಲ್ಲ.

ಖರ್ಚು ಮೇನ್ ಥ್ರೆಡ್‌ನದು. ಫ್ರೇಮ್ ಫ್ರೇಮಿಗೂ ಜಾವಾಸ್ಕ್ರಿಪ್ಟ್ ಓಡಬೇಕು. ಅದೇ ಪುಟದಲ್ಲಿ ಜಾಹೀರಾತು, ಚಾಟ್ ಪೆಟ್ಟಿಗೆ, ನಕ್ಷೆ ಎಲ್ಲ ತುಂಬಿದ್ದರೆ ಆ ಒಬ್ಬ ಆಳು ಸೋಲುತ್ತಾನೆ. ಎರಡು ಮೂರು ಸಣ್ಣ ಚಲನೆಗಾಗಿ ಇಡೀ ಲೈಬ್ರರಿ ಇಳಿಸಿಕೊಳ್ಳುವುದೂ ದಂಡ. ಬ್ರೌಸರಿನಲ್ಲೇ ಇರುವ ವೆಬ್ ಅನಿಮೇಷನ್ಸ್ ಎಪಿಐ, ಮತ್ತು "ಈ ಭಾಗ ಪರದೆಗೆ ಬಂದಾಗ ತಿಳಿಸು" ಎಂದು ಹೇಳಿಡಬಹುದಾದ ಇಂಟರ್‌ಸೆಕ್ಷನ್ ಅಬ್ಸರ್ವರ್, ಇವೆರಡೇ ಎಷ್ಟೋ ಕೆಲಸ ತೂಗಿಸುತ್ತವೆ.

ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಒಂದು ರಂಗತಂಡದ ನಾಟಕೋತ್ಸವಕ್ಕೆ ಪುಟ ಮಾಡಿದ್ದೆ. ಸ್ಕ್ರಾಲ್ ಮಾಡಿದಂತೆ ಒಂದೊಂದೇ ನಾಟಕದ ಹೆಸರು ಮೂಡಿಬರಲೆಂದು ಎಲ್ಲ ಬರಹವನ್ನೂ ಮೊದಲು ಒಪ್ಯಾಸಿಟಿ ಸೊನ್ನೆ ಮಾಡಿ ಅಡಗಿಸಿಟ್ಟಿದ್ದೆ. ಉದ್ಘಾಟನೆಯ ದಿನ ಸಭಾಂಗಣದ ವೈಫೈನಲ್ಲಿ ಹೊರಗಿನ ಸರ್ವರಿನಿಂದ ಬರಬೇಕಿದ್ದ ಲೈಬ್ರರಿ ಬರಲೇ ಇಲ್ಲ. ಬರಹ ಅಡಗಿತ್ತು, ಮೂಡಿಸುವವರು ಇರಲಿಲ್ಲ. ಪುಟ ಪೂರ್ತಿ ಖಾಲಿ. ಜನ ಬಾಗಿಲಲ್ಲಿ ನಿಂತು "ಇವತ್ತು ಯಾವ ನಾಟಕ, ಎಷ್ಟು ಗಂಟೆಗೆ?" ಎಂದು ಕೇಳುತ್ತಿದ್ದರು. ಅಂದಿನಿಂದ ಬರಹ ಯಾವತ್ತೂ ಕಾಣುವಂತೆಯೇ ಇರುತ್ತದೆ. ಜಾವಾಸ್ಕ್ರಿಪ್ಟ್ ಬಂದಿದೆಯೆಂದು ಖಾತ್ರಿಯಾದ ಮೇಲಷ್ಟೇ ಅದನ್ನು ಅಡಗಿಸಿ ಆಡಿಸುತ್ತೇನೆ. ಲೈಬ್ರರಿಯ ಫೈಲನ್ನೂ ಅದೇ ವೆಬ್‌ಸೈಟಿನಲ್ಲೇ ಇಡುತ್ತೇನೆ.

ಈಗ ಅಕ್ಷರದ ವಿಷಯ. ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಹಾರಿ ಬಂದು ಕೂರುವುದು, ಟೈಪ್ ಮಾಡಿದಂತೆ ಮೂಡುವುದು ಇಂಗ್ಲಿಷ್ ಪುಟಗಳಲ್ಲಿ ತುಂಬ ಬಳಕೆಯಲ್ಲಿದೆ. ಅದನ್ನೇ ತಂದು ಕನ್ನಡಕ್ಕೆ ಹಾಕಿದರೆ ಏನಾಗುತ್ತದೆ? "ಸೂರ್ಯ" ಎಂಬ ಪದ ನೋಡಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಅದು ಐದು ಸಂಕೇತ: ಸ, ದೀರ್ಘದ ಕೊಂಬು, ರ, ಹಲಂತ, ಯ. ಒಂದೊಂದೇ ಸಂಕೇತ ಮೂಡಿಸಿದರೆ ಮೊದಲು "ಸ", ಆಮೇಲೆ "ಸೂ", "ಸೂರ", "ಸೂರ್" ಕಾಣುತ್ತದೆ. ಕೊನೆಗೆ ಯ ಬಂದದ್ದೇ ತಡ, ಅಲ್ಲಿಯವರೆಗೆ ಯಕಾರದ ಎಡಕ್ಕಿದ್ದ ರ ಮಾಯವಾಗಿ ಅರ್ಕಾವತ್ತಾಗಿ ಬಲಕ್ಕೆ ಹಾರುತ್ತದೆ. ಓದುತ್ತಿದ್ದ ಕಣ್ಣು ಅಲ್ಲೇ ಮುಗ್ಗರಿಸುತ್ತದೆ. ಇನ್ನು ಒಂದೊಂದು ಸಂಕೇತವನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಹಾರಿಸಿದರಂತೂ ಅವು ಮತ್ತೆ ಕೂಡಿಕೊಳ್ಳುವುದೇ ಇಲ್ಲ. "ಸ್ತ್ರೀ" ಎಂಬ ಒಂದೇ ಅಕ್ಷರ ಆರು ಚೂರಾಗಿ, ಒತ್ತುಗಳಿಲ್ಲದೆ, ಚುಕ್ಕಿವರ್ತುಲಗಳ ಸಮೇತ ನಿಲ್ಲುತ್ತದೆ.

ಬ್ರೌಸರಿನಲ್ಲಿ ಬರಹವನ್ನು ತುಂಡರಿಸಿಕೊಡುವ ಸೌಲಭ್ಯವಿದೆ, ಆದರೆ ಒತ್ತಕ್ಷರ ಬಂದಲ್ಲಿ ಅದನ್ನು ಕಣ್ಣುಮುಚ್ಚಿ ನಂಬಬೇಡಿ; "ಕನ್ನಡ"ವನ್ನು "ಕ", "ನ್", "ನ", "ಡ" ಎಂದು ಒಡೆದರೂ ಒಡೆಯಿತು. ನನ್ನ ಸಲಹೆ ಸರಳ: ಕನ್ನಡವನ್ನು ಅಕ್ಷರವಾರು ಆಡಿಸಬೇಡಿ, ಪದವಾರು ಅಥವಾ ಸಾಲುವಾರು ಆಡಿಸಿ. ಸಾಲು ಕೆಳಗಿನಿಂದ ಪರದೆ ಸರಿಸಿಕೊಂಡು ಮೇಲೇಳುವ ಚಲನೆ ಮಾಡುವಾಗ ಸಾಲಿನ ಎತ್ತರವನ್ನು ಇಂಗ್ಲಿಷಿನಷ್ಟೇ ಬಿಗಿಯಾಗಿ ಇಟ್ಟರೆ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. "ರಾಷ್ಟ್ರ", "ವಸ್ತ್ರ" ಎಂಬ ಎರಡು ಪದ ಹಾಕಿ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಲೊಟ್ಟಿ

ಚಿತ್ರಕಾರರು ಬರೆದ ಅನಿಮೇಷನ್ ಹಾಗೇ ಪುಟಕ್ಕೆ ಬರಬೇಕಾದಾಗ ಇದು. ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಷನ್ ಸಾಫ್ಟ್‌ವೇರಿನಲ್ಲಿ ಮಾಡಿದ್ದನ್ನು ಬಾಡಿಮೂವಿನ್ ಎಂಬ ಪ್ಲಗಿನ್ ಒಂದು ಜೇಸನ್ ಫೈಲಾಗಿ ಬರೆಯುತ್ತದೆ. ಯಾವ ರೇಖೆ ಯಾವ ಕ್ಷಣದಲ್ಲಿ ಎಲ್ಲಿರಬೇಕೆಂಬ ಲೆಕ್ಕ ಅದರಲ್ಲಿರುತ್ತದೆ. ಲೊಟ್ಟಿ ಎಂಬ ಪ್ಲೇಯರ್ ಅದನ್ನು ಪುಟದಲ್ಲಿ ಬಿಡಿಸುತ್ತದೆ. ಏರ್‌ಬಿಎನ್‌ಬಿ 2017ರಲ್ಲಿ ಇದನ್ನು ಹೊರತಂದಾಗ ನೆರಳುಚಿತ್ರಗಳ ಜರ್ಮನ್ ನಿರ್ದೇಶಕಿ ಲೊಟ್ಟೆ ರೈನಿಗರ್ ಅವರ ಹೆಸರಿಟ್ಟಿತು. ಕಾಗದ ಕತ್ತರಿಸಿ, ಕೀಲು ಜೋಡಿಸಿ, ಬೆಳಕಿನ ಮೇಲೆ ಆಡಿಸುತ್ತಿದ್ದವರು ಅವರು. ನಮ್ಮ ತೊಗಲುಗೊಂಬೆಯವರಿಗೆ ದೂರದ ನೆಂಟರೇ ಸರಿ.

ಸಣ್ಣ ಐಕಾನ್, "ನಿಮ್ಮ ಹಣ ಪಾವತಿಯಾಯಿತು" ಎಂದು ಟಿಕ್ ಮೂಡುವುದು, ಖಾಲಿ ಕಾರ್ಟ್ ತೋರಿಸುವ ಪುಟ್ಟ ಚಿತ್ರ, ಇಂಥವಕ್ಕೆ ಇದು ಹೇಳಿ ಮಾಡಿಸಿದ್ದು. ಎಷ್ಟು ದೊಡ್ಡದು ಮಾಡಿದರೂ ಅಂಚು ಮಸುಕಾಗದು. ಆದರೆ ಬಳಸುವುದು ಒಂದೇ ಐಕಾನಿಗಾದರೆ ಫೈಲಿನ ಜೊತೆ ಪ್ಲೇಯರನ್ನೂ ಹೊರಬೇಕು. ಟಿಕ್ ಗುರುತನ್ನು ಎಸ್‌ವಿಜಿಯಲ್ಲಿ (ರೇಖೆಗಳ ಲೆಕ್ಕವಾಗಿ ಚಿತ್ರ ಬರೆದಿಡುವ ಬಗೆ) ಬರೆದು ಸಿಎಸ್‌ಎಸ್‌ನಿಂದ ಆಡಿಸುವುದೇ ಮೇಲು. ಆಫ್ಟರ್ ಎಫೆಕ್ಟ್ಸ್‌ನ ಎಲ್ಲ ಚಮತ್ಕಾರವೂ ಇದಕ್ಕೆ ಬರುವುದಿಲ್ಲ, ಮತ್ತು ಕಲಾವಿದರು ಫೋಟೊ ಸೇರಿಸಿಬಿಟ್ಟರೆ ಹಗುರವೆಂಬ ಮಾತೇ ಸುಳ್ಳಾಗುತ್ತದೆ. ಚಿತ್ರದೊಳಗೆ ಕನ್ನಡ ಬರಹವಿದ್ದರೆ ಅದನ್ನು ಆಕಾರವಾಗಿ ಬದಲಿಸಿಕೊಡಲು ಹೇಳಿ, ಇಲ್ಲವೇ ಬರಹವನ್ನು ಪುಟದಲ್ಲೇ ಬೇರೆ ಇಡಿ.

ಬಜೆಟ್ಟಿನ ಮಾತಿಗೆ ಬಂದರೆ, ಇಲ್ಲಿ ದುಡ್ಡು ಹೋಗುವುದು ಕಲಾವಿದರಿಗೆ ಮತ್ತು ಅವರ ಸಾಫ್ಟ್‌ವೇರಿನ ಬಾಡಿಗೆಗೆ. ಜಾಲದಲ್ಲಿ ಸಿಗುವ ಸಿದ್ಧ ಫೈಲುಗಳಿಗೆ ದುಡ್ಡಿಲ್ಲ ನಿಜ, ಆದರೆ ನಿಮ್ಮ ಅಂಗಡಿಯ ಟಿಕ್ ಗುರುತು ಇನ್ನು ಸಾವಿರ ಅಂಗಡಿಗಳದ್ದೂ ಆಗಿರುತ್ತದೆ.

ವಿಡಿಯೊ, ಜಿಫ್

ಜಿಫ್ ಬಗ್ಗೆ ಹೆಚ್ಚು ಹೇಳಲಾರೆ. 1987ರ ವಿದ್ಯೆ, ಒಂದು ಫ್ರೇಮಿಗೆ 256 ಬಣ್ಣ, ತೂಕ ವಿಪರೀತ. ಅದೇ ದೃಶ್ಯವನ್ನು ಎಂಪಿ4 ಮಾಡಿದರೆ ಎಷ್ಟೋ ಸಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ವಿಡಿಯೊಗೆ ಅದರದೇ ಜಾಗವಿದೆ. ಮಗ್ಗದಲ್ಲಿ ಲಾಳಿ ಓಡುವುದು, ದೋಸೆ ಕಾವಲಿಯ ಮೇಲೆ ಬೆಣ್ಣೆ ಕರಗುವುದು, ಜೋಗದ ನೀರು, ಇವನ್ನು ಯಾವ ಕೋಡೂ ಬರೆಯಲಾರದು. ಫೋನಿನ ಚಿಪ್‌ನಲ್ಲೇ ವಿಡಿಯೊ ಬಿಡಿಸುವ ಪ್ರತ್ಯೇಕ ಭಾಗವಿರುವುದರಿಂದ ಮೇನ್ ಥ್ರೆಡ್‌ಗೆ ಹೆಚ್ಚು ಹೊರೆಯಿಲ್ಲ. ಖರ್ಚೆಲ್ಲ ಡೇಟಾದಿಂದ. 14 ಎಂಬಿ ವಿಡಿಯೊ 2 ಎಂಬಿಪಿಎಸ್ ವೇಗದಲ್ಲಿ ಇಳಿಯಲು 56 ಸೆಕೆಂಡು ಬೇಕು. ಘಾಟಿಯಲ್ಲಿ ಬಸ್ಸಿನಲ್ಲಿ ಕೂತು ರೂಮು ಹುಡುಕುತ್ತಿರುವವರು ಅಷ್ಟು ಹೊತ್ತು ಕಾಯುವುದಿಲ್ಲ. ತಾನಾಗಿ ಓಡಬೇಕಾದರೆ ಸದ್ದು ಬಂದ್ ಇರಬೇಕು, ಐಫೋನಿನಲ್ಲಿ ಪುಟದೊಳಗೇ ಓಡಲು ಪ್ಲೇಸ್‌ಇನ್‌ಲೈನ್ ಎಂದು ಬರೆದಿರಬೇಕು. ಬ್ಯಾಟರಿ ಉಳಿಸುವ ಮೋಡ್‌ನಲ್ಲಿ ಐಫೋನ್ ಅದನ್ನು ಓಡಿಸದೆಯೂ ಇರಬಹುದು. ಹಾಗಾಗಿ ವಿಡಿಯೊದ ಮುಖಚಿತ್ರ ನೋಡಿದರೇ ವಿಷಯ ತಿಳಿಯುವಂತಿರಲಿ.

ತ್ರೀಜೆಎಸ್ ಮತ್ತು ಮೂರು ಆಯಾಮ

ಬ್ರೌಸರಿನಲ್ಲಿ ಪ್ಲಗಿನ್ ಇಲ್ಲದೆ ಮೂರು ಆಯಾಮ ತೋರಿಸುವ ವೆಬ್‌ಜಿಎಲ್ 2011ರಲ್ಲಿ ಬಂತು. ಅದನ್ನು ನೇರವಾಗಿ ಬರೆಯುವುದು ಬಲು ಕಷ್ಟ. ರಿಕಾರ್ಡೊ ಕಾಬೆಲ್ಲೊ ಎಂಬ ಪ್ರೋಗ್ರಾಮರ್ ಅದಕ್ಕೂ ಮೊದಲೇ, 2010ರಲ್ಲಿ, ಹೊರತಂದಿದ್ದ ತ್ರೀಜೆಎಸ್ ಅದನ್ನು ದೃಶ್ಯ, ಕ್ಯಾಮೆರಾ, ಬೆಳಕು ಎಂಬ ತಿಳಿಯುವ ಮಾತಿಗೆ ಇಳಿಸಿತು. ಇದರಲ್ಲಿ ಒಳ್ಳೆಯ ಕೆಲಸ ನೋಡಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಐದರಲ್ಲಿ ಅತಿ ದುಬಾರಿ ಇದೇ, ಎಲ್ಲ ಜೇಬಿನಿಂದಲೂ. ಲೈಬ್ರರಿಯೊಂದೇ, ಹಿಂಡಿ ಕಳಿಸಿದ ಮೇಲೂ, 100 ಕೆಬಿ ದಾಟುತ್ತದೆ. ಮಾದರಿಗಳು, ಅವುಗಳ ಮೇಲ್ಮೈ ಚಿತ್ರಗಳು ಸೇರಿದರೆ ಎಂಬಿಗಳ ಲೆಕ್ಕ. ಫೋನು ಬಿಸಿಯಾಗುತ್ತದೆ. ಈ ಚಿತ್ರ ಮೂಡುವ ಕ್ಯಾನ್ವಾಸ್ ಎಂಬ ಚೌಕಟ್ಟಿನೊಳಗೆ ಬರೆದದ್ದು ಸ್ಕ್ರೀನ್ ರೀಡರಿಗೆ ಕಾಣುವುದಿಲ್ಲ, ಹುಡುಕಾಟಕ್ಕೂ ಸಿಗುವುದಿಲ್ಲ.

ವಸ್ತುವನ್ನು ಸುತ್ತಿಸಿ ನೋಡಿದರೇ ಕೊಳ್ಳುವ ಮನಸ್ಸಾಗುವ ಕಡೆ ಇದಕ್ಕೆ ಅರ್ಥವಿದೆ. ಚನ್ನಪಟ್ಟಣದ ಗೊಂಬೆಯ ಅರಗಿನ ಹೊಳಪು ತಿರುಗಿಸಿದಾಗಲೇ ಕಣ್ಣಿಗೆ ಹಿಡಿಸುವುದು. ಅಲ್ಲೂ ನಡುದಾರಿಯಿದೆ. ಗೊಂಬೆಯನ್ನು ತಿರುಗುವ ಹಲಗೆಯ ಮೇಲಿಟ್ಟು 15 ಡಿಗ್ರಿಗೊಂದರಂತೆ 24 ಫೋಟೊ ತೆಗೆಯಿರಿ. ಒಂದೊಂದು 30 ಕೆಬಿ ಎಂದರೆ ಒಟ್ಟು 720 ಕೆಬಿ. ಬೆರಳು ಎಳೆದಂತೆ ಫೋಟೊ ಬದಲಾದರೆ ಗೊಂಬೆ ತಿರುಗಿದಂತೆಯೇ ಕಾಣುತ್ತದೆ. ಹೊಳಪು ನಿಜವಾದ ಬೆಳಕಿನದು, ಲೆಕ್ಕ ಹಾಕಿ ತಂದದ್ದಲ್ಲ. ಮೇಲಿನಿಂದ, ಕೆಳಗಿನಿಂದ ಎಲ್ಲ ಕೋನಗಳೂ ಬೇಕೆಂದಾಗ ಮಾತ್ರ ಮೂರು ಆಯಾಮದ ಮಾದರಿ ಮಾಡಿಸಿ.

ಆ ಮೂವರಿಗೆ ಹೇಳಿದ್ದು

ಹೋಮ್‌ಸ್ಟೇಯವರಿಗೆ ವಿಡಿಯೊ ಬೇಡವೆಂದೆ. ತೋಟದ ಒಂದು ಒಳ್ಳೆಯ ಫೋಟೊ, ಅದರ ಮೇಲೆ ಅರೆಪಾರದರ್ಶಕ ಮಂಜಿನ ಒಂದು ಪದರ. ಪುಟ ತೆರೆದಾಗ ಆ ಪದರ ಎರಡು ಸೆಕೆಂಡಿನಲ್ಲಿ ಪಕ್ಕಕ್ಕೆ ಸರಿದು ಕರಗುತ್ತದೆ, ಅಷ್ಟೇ. ಟ್ರಾನ್ಸ್‌ಫಾರ್ಮ್, ಒಪ್ಯಾಸಿಟಿ ಎರಡರಲ್ಲೇ ಮುಗಿಯಿತು. ಫೋನ್ ನಂಬರ್, ದಾರಿ, ಬೆಲೆಗಳ ಮೇಲೆ ಮಂಜು ಬರದಂತೆ ನೋಡಿಕೊಂಡೆವು. ಚಲನೆ ಕಡಿಮೆ ಮಾಡಿಟ್ಟವರಿಗೆ ಮಂಜೇ ಇಲ್ಲ, ತೋಟ ನೇರ ಕಾಣುತ್ತದೆ. ಅರ್ಧ ದಿನದ ಕೆಲಸ. ಉಳಿದ ದುಡ್ಡಿನಲ್ಲಿ ಒಳ್ಳೆಯ ಫೋಟೊಗ್ರಾಫರನ್ನು ಕರೆಸಿದರು, ಅದರ ಫಲ ಪುಟದಲ್ಲಿ ಎದ್ದು ಕಾಣುತ್ತಿದೆ.

ಮೇಷ್ಟ್ರ ಪ್ರಶ್ನೆಗೆ ಹೆಚ್ಚು ಹೊತ್ತು ಕೂತೆವು. ಅವರು ತ್ರೀಜೆಎಸ್ ಎಂದುಕೊಂಡೇ ಬಂದಿದ್ದರು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಡ ಕಂಕಣ ಗ್ರಹಣವನ್ನೇ ಮಕ್ಕಳಿಗೆ ತೋರಿಸಬೇಕೆಂಬುದು ಅವರ ಆಸೆ. ಅದಕ್ಕೆ ಬೇಕಾದದ್ದು ಎರಡು ವೃತ್ತ ಮಾತ್ರ: ಎಸ್‌ವಿಜಿಯಲ್ಲಿ ಹೊಳೆಯುವ ಸೂರ್ಯ, ಅದರ ಮೇಲೆ ಕಪ್ಪು ಚಂದ್ರ, ಕೆಳಗೆ ಎಳೆಯುವ ಸ್ಲೈಡರ್. ಸ್ಲೈಡರ್ ಎಂಬುದು ಬ್ರೌಸರಿನ ಸಿದ್ಧ ಭಾಗ; ಅದರ ಬೆಲೆಯನ್ನು ಚಂದ್ರನ ಸ್ಥಾನಕ್ಕೆ ಜೋಡಿಸಲು ಕೆಲವೇ ಸಾಲಿನ ಜಾವಾಸ್ಕ್ರಿಪ್ಟ್ ಸಾಕು. ಇನ್ನೊಂದು ಸ್ಲೈಡರ್ ಚಂದ್ರನನ್ನು ಹತ್ತಿರ–ದೂರ ಮಾಡುತ್ತದೆ. ದೂರ ಹೋದಾಗ ಚಂದ್ರ ಚಿಕ್ಕದಾಗಿ, ಸುತ್ತ ಬಳೆಯಂಥ ಬೆಳಕು ಉಳಿಯುತ್ತದೆ, ಕಂಕಣ ಯಾಕೆಂದು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಶಾಲೆಯ ಹಳೆಯ ಕಂಪ್ಯೂಟರಿನಲ್ಲೂ, ಇಂಟರ್ನೆಟ್ ಇಲ್ಲದಿದ್ದರೂ, ಪೆನ್‌ಡ್ರೈವಿನಿಂದ ಇದು ಓಡುತ್ತದೆ.

ಆದರೆ ಅವರ ಇನ್ನೊಂದು ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು: "ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕಾಗುವುದಿಲ್ಲ?" ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ. ಆ ಓರೆಯನ್ನು ಚಪ್ಪಟೆ ಚಿತ್ರದಲ್ಲಿ ತೋರಿಸಿದರೆ ಮಕ್ಕಳಿಗೆ ಅರ್ಧವೇ ದಕ್ಕುತ್ತದೆ. ಸುತ್ತಿಸಿ, ಬದಿಯಿಂದ ನೋಡಿ, ಮೇಲಿನಿಂದ ನೋಡಿದರೇ ಮನಸ್ಸಿಗಿಳಿಯುವುದು. ಈ ಒಂದು ಪುಟಕ್ಕೆ ತ್ರೀಜೆಎಸ್ ನ್ಯಾಯವೇ. ಮೂರು ಗೋಳ, ಎರಡು ಬಳೆ, ಹೊರಗಿನ ಭಾರದ ಮಾದರಿ ಒಂದೂ ಬೇಡ. ಲೈಬ್ರರಿಯನ್ನೂ ಜೊತೆಗೇ ಕಟ್ಟಿ, ಶಾಲೆಯ ಕಂಪ್ಯೂಟರಿನಲ್ಲೇ ಇಡುವುದೆಂದು, ಬೇರೆ ಪುಟವಾಗಿ ಮಾಡುವುದೆಂದು ತೀರ್ಮಾನವಾಯಿತು.

ಹುಡುಗಿಗೆ ಹೇಳಿದ್ದು: ಮೊದಲು ಸಿಎಸ್‌ಎಸ್ ಚೆನ್ನಾಗಿ ಕಲಿ, ಬ್ರೌಸರ್ ಹಂತಗಳನ್ನು ಬಾಯಿಪಾಠವಲ್ಲ, ಕಣ್ಣಾರೆ ನೋಡಿ ಅರ್ಥಮಾಡಿಕೊ. ಆಮೇಲೆ ಜಿಸ್ಯಾಪ್, ಯಾಕೆಂದರೆ ನಿನಗೆ ಬರುವ ಕೆಲಸಗಳಲ್ಲಿ ಹೆಚ್ಚಿನವರು ಕೇಳುವುದು ಸ್ಕ್ರಾಲ್ ಕಥೆಗಳನ್ನೇ. ಲೊಟ್ಟಿ ಫೈಲ್ ಪುಟಕ್ಕೆ ಸೇರಿಸುವುದು ಒಂದು ಮಧ್ಯಾಹ್ನದ ಕಲಿಕೆ. ಅದರೊಳಗಿನ ಚಿತ್ರ ಬರೆಯುವುದು ಬೇರೆಯೇ ಕಸುಬು, ಕೈ ಪಳಗಿದ ಕಲಾವಿದರ ಜೊತೆ ಸೇರಿ ಮಾಡು. ತ್ರೀಜೆಎಸ್‌ಗೆ ಗಣಿತದ ಮೇಲೆ ಪ್ರೀತಿ ಬೇಕು, ಅದಿದ್ದರೆ ಆರು ತಿಂಗಳು ಕೊಡು.

ಯಾವ ದಾರಿ ಹಿಡಿದರೂ, ಕೆಲಸ ಒಪ್ಪಿಸಿಕೊಳ್ಳುವ ಮೊದಲು ಪರೀಕ್ಷೆ ಒಂದೇ. ಮನೆಯಲ್ಲಿರುವ ಅತಿ ಹಳೆಯ ಆಂಡ್ರಾಯ್ಡ್ ಫೋನು ತೆಗೆದುಕೊಳ್ಳಿ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಪುಟ ತೆರೆಯಿರಿ. ಸ್ಕ್ರಾಲ್ ಮಾಡುತ್ತಲೇ ಒಂದು ಬಟನ್ ಒತ್ತಿ, ಉತ್ತರ ತಡವಾಯಿತೇ ನೋಡಿ. ಸೆಟ್ಟಿಂಗ್‌ನಲ್ಲಿ ಅನಿಮೇಷನ್ ತೆಗೆದುಹಾಕಿ ಮತ್ತೆ ತೆರೆಯಿರಿ, ಬರಹವೆಲ್ಲ ಕಾಣುತ್ತಿದೆಯೇ? ಕಂಪ್ಯೂಟರಿನ ಕ್ರೋಮ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು ಪ್ರೊಸೆಸರ್ ವೇಗವನ್ನು ನಾಲ್ಕನೇ ಒಂದಕ್ಕೆ ಇಳಿಸಿ ನೋಡಬಹುದು, ಪೇಂಟ್ ಫ್ಲ್ಯಾಶಿಂಗ್ ಹಾಕಿದರೆ ಬ್ರೌಸರ್ ಎಲ್ಲೆಲ್ಲಿ ಮತ್ತೆ ಬಣ್ಣ ತುಂಬುತ್ತಿದೆಯೋ ಅಲ್ಲೆಲ್ಲ ಹಸಿರು ಮಿನುಗುತ್ತದೆ. ಒಂದೇ ಒಂದು ಐಕಾನ್ ತಿರುಗುವಾಗ ಪುಟ ಪೂರ್ತಿ ಹಸಿರಾಗುತ್ತಿದ್ದರೆ, ಕೊನೆಯ ಕಂತಿನ ದುಡ್ಡು ಕೊಡುವ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ.